ಬನಹಟ್ಟಿಗೆ ಮುಯ್ಯಾಳಾಗಿ ಹೋದದ್ದು

ಸುಮಿತ್ರಾ, ದಾನಿಯೇಲ, ಹೋದ ಸಲ ಸಾಲೆಯ ಸೂಟಿಗೆ ಬಂದಾಗ ನೀವಿಬ್ಬರೂ ನನ್ನ ಮಗ್ಗುಲಲ್ಲಿ ಕೂತು, "ಆಯೀ, ನೀ ಯಾವ್ಯಾವ ಊರು ನೋಡೀದಿ?" ಎಂದು ಕೇಳಿದಿರಿ. ನಾನು ನಕ್ಕು, ನಿಮ್ಮ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಸುಮ್ಮನಾದೆ. ನಾಲ್ಕು ಮಂದಿಯ ಮುಂದೆ ನನಗೆ ಮಾತು ಬರುವುದಿಲ್ಲ, ಅದು ನಿಮಗೆ ಗೊತ್ತು. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತಷ್ಟರಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾನು ನೋಡಿದ ಊರುಗಳು ಬಹಳವಿಲ್ಲ. ಆದರೆ ನಿಮ್ಮ ಅಜ್ಜ ಮತ್ತು ನಮ್ಮ ಅತ್ತೆಯ ಜೊತೆ ಬೀಳಗಿಯಿಂದ ಹೊರಟು, ಮುಧೋಳ, ಜಮಖಂಡಿ ಹಾಯ್ದು ಬನಹಟ್ಟಿಗೆ ಹೋಗಿ ಬಂದದ್ದು ಈಗಲೂ ಕಣ್ಣ ಮುಂದೆ ಇದೆ. ಆಗ ಸಂಸ್ಥಾನಗಳು ಹೋಗಿ ನಮ್ಮ ಸೀಮೆಯೆಲ್ಲ ಮುಂಬೈ ಸರಕಾರದ ಕೈಯಲ್ಲಿತ್ತು. ನಾನು ಮದುವೆಯಾಗಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ.

ಯಾಕೆ ಹೋದೆವು ಎಂಬುದನ್ನು ಮೊದಲು ಹೇಳಬೇಕು. ಬನಹಟ್ಟಿಯಲ್ಲಿ ಮಲ್ಲಪ್ಪ ಎಂಬ ನೇಕಾರನಿದ್ದ. ತಾನು ನೇಯ್ದ ಸೀರೆಗಳ ಗಂಟನ್ನು ಹೆಗಲ ಮೇಲೆ ಹೊತ್ತು ಬೀಳಗಿಯ ಸುತ್ತಿನ ಹಳ್ಳಿಗಳಿಗೆ ಮಾರಲು ಬರುತ್ತಿದ್ದ. ನಾನು ಸೊಸೆಯಾಗಿ ಬರುವ ಮೊದಲು ಒಂದು ಮಳೆಗಾಲ ನಮ್ಮ ಊರಿಗೆ ಬಂದವನು ಜ್ವರ ಬಂದು ನಮ್ಮ ಪಡಸಾಲೆಯಲ್ಲೇ ಮಲಗಿಬಿಟ್ಟ. ಅತ್ತೆ ಅವನಿಗೆ ಗಂಜಿ ಕುಡಿಸಿ ಬದುಕಿಸಿದರು. ಮಲಗಿದಲ್ಲೇ ಅವನು ನಮ್ಮ ಮನೆಯ ಸಂಜೆಯ ಪ್ರಾರ್ಥನೆ ಕೇಳಿದ. ಮುಂದೆ ಪ್ರತಿ ಸಲವೂ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಬರತೊಡಗಿದ. ಒಮ್ಮೆ ಹೆಂಡತಿ ನೀಲವ್ವನನ್ನೂ ಕರೆತಂದ. ಎರಡು ಮೂರು ವರ್ಷ ಯೋಚನೆ ಮಾಡಿ, ಆ ಸುಗ್ಗಿಯ ಸುಮಾರಿಗೆ ಇಬ್ಬರೂ ಕೃಷ್ಣಾ ಹೊಳೆಯಲ್ಲಿ ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು.

ಅವರ ಓಣಿಯ ಹಿರಿಯರಿಗೆ ಸಿಟ್ಟು ಬಂತು. ಯಾರೂ ಅವರಿಗೆ ಬೆಂಕಿ ಕೊಡಬಾರದು, ಬಾವಿಯ ನೀರು ಕೊಡಬಾರದು, ಹಾಸಿಗೆ ಕೈ ಹಚ್ಚಬಾರದು ಎಂದು ಕಟ್ಟು ಮಾಡಿದರು. ಹಾಸು ಎಂದರೆ ಮಗ್ಗದ ಉದ್ದನೆಯ ನೂಲು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೆಳಗಿನ ತಂಪಿನಲ್ಲಿ ಓಣಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ಎಳೆಯುತ್ತ ಒಣಗಿಸಬೇಕು. ಗಂಡ ಹೆಂಡತಿ ಇಬ್ಬರಿಂದ ಆಗುವ ಕೆಲಸವಲ್ಲ. ಎರಡೂ ಕಡೆ ಹಿಡಿದು ನಿಲ್ಲಲು ಮಂದಿ ಬೇಕು. ಅದಕ್ಕೇ ಓಣಿಯವರೆಲ್ಲ ಒಬ್ಬರ ಹಾಸಿಗೆ ಒಬ್ಬರು ಹೋಗುತ್ತಾರೆ. ನೀರನ್ನು ಹೊಳೆಯಿಂದ ಹೊತ್ತು ತರಬಹುದು. ಮಂದಿಯನ್ನು ಎಲ್ಲಿಂದ ತರುವುದು?

ಈ ಸುದ್ದಿಯನ್ನು ನಮ್ಮ ಸಭೆಯ ಉಪದೇಶಿಗಳು ಸೈಕಲ್ಲಿನ ಮೇಲೆ ಬಂದು ಹೇಳಿದರು. ನೂಲು ಕೊಟ್ಟ ಸಾವಕಾರ, "ನಿನ್ನ ದೇವರು ಯಾರರ ಇರಲಿ, ನನಗ ಸೀರಿ ಬೇಕು. ಬರೂ ಸಂತಿಯೊಳಗ ಹಾಸು ಮಗ್ಗಕ್ಕ ಏರಲಿಲ್ಲಂದ್ರ ನೂಲು ಬ್ಯಾರೆದವರಿಗೆ ಕೊಡತೇನಿ" ಎಂದಿದ್ದನಂತೆ. ನೂಲು ಹೋದರೆ ಕೆಲಸ ಹೋಯಿತು. ಆಗ ಊರು ಬಿಡಬೇಕು, ಇಲ್ಲವೇ ಹಿರಿಯರ ಮುಂದೆ ಹೋಗಿ ತಪ್ಪಾಯಿತು ಎಂದು ಹೊಸ ನಂಬಿಕೆಯನ್ನು ಬಿಡಬೇಕು.

ನಮ್ಮ ಅತ್ತೆ ಸಾರವ್ವ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು. "ಸುಗ್ಗಿಗೆ ಮುಯ್ಯಾಳು ಹೋಗತೀವಿ. ಇದಕ್ಕ ಹೋಗಾಕ ಏನಾಗೇತಿ?" ಎಂದರು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಕೂಲಿಯಿಲ್ಲದೆ ದುಡಿಯುವವರಿಗೆ ನಮ್ಮಲ್ಲಿ ಮುಯ್ಯಾಳು ಎನ್ನುತ್ತಾರೆ.

"ಯವ್ವಾ, ನೇಕಾರಿಕಿ ನಮಗ ಬರತೈತೇನ?" ಎಂದರು ನಿಮ್ಮ ಅಜ್ಜ.

"ಹಿಡಕೊಂಡು ನಿಂದ್ರಾಕ ಸಾಲಿ ಕಲೀಬೇಕೇನಲೇ?"

ಅಷ್ಟಕ್ಕೇ ಮಾತು ಮುಗಿಯಿತು. ನಮ್ಮ ಸಭೆಯ ಬೇರೆ ಮೂರು ಮನೆಗಳವರೂ ಬರುತ್ತೇವೆಂದರು. ರಾಶಿ ಮುಗಿದು ಎಲ್ಲರ ಕೈ ಖಾಲಿ ಇತ್ತು.

ಮರುದಿನ ನಸುಕಿನಲ್ಲಿ ಚಕ್ಕಡಿ ಹೂಡಿ ಬೀಳಗಿಗೆ ಬಂದೆವು. ಬುತ್ತಿಗೆ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಕಟ್ಟಿಕೊಂಡಿದ್ದೆವು. ಗಂಜಿಗೆ ಬೇಕಾಗುತ್ತದೆ ಎಂದು ಅತ್ತೆ ಒಂದು ಚೀಲ ಜೋಳದ ಹಿಟ್ಟನ್ನೂ ಹೊರಿಸಿದ್ದರು. ಬೀಳಗಿಯಲ್ಲಿ ಮುಧೋಳದ ಮೋಟಾರು ಹತ್ತಿದೆವು. ನಾನು ಮೋಟಾರು ಹತ್ತಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಕೊಯ್ದ ಜೋಳದ ಕರಿ ಹೊಲಗಳು, ಒಣ ದಂಟಿನ ಕಣಕಿ ಬಣವೆಗಳು. ಧೂಳಿಗೆ ನಾವು ಹೆಂಗಸರೆಲ್ಲ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆವು. ಘಟಪ್ರಭಾ ಹೊಳೆಯ ಸೀಮೆ ಬಂದ ಕೂಡಲೇ ಕಬ್ಬಿನ ಹಸಿರು ಕಂಡಿತು. ಮುಧೋಳದ ಹತ್ತಿರ ಗಾಣಗಳಲ್ಲಿ ಬೆಲ್ಲ ಕುದಿಯುವ ವಾಸನೆ ಮೋಟಾರಿನೊಳಗೆಲ್ಲ ತುಂಬಿಕೊಂಡಿತು. ಊರೊಳಗೆ ಸಣ್ಣ ನಡುವಿನ, ಎತ್ತರ ಕಾಲಿನ ಆ ಸೀಮೆಯ ಬೇಟೆನಾಯಿಗಳನ್ನು ನೋಡಿದೆ. ಅವು ನಮ್ಮೂರಿನ ನಾಯಿಗಳ ಹಾಗೆ ಬೊಗಳಲಿಲ್ಲ, ನಮ್ಮನ್ನು ನೋಡಿ ಮುಖ ತಿರುಗಿಸಿದವು. "ದೊಡ್ಡ ಮನಿ ನಾಯಿ ಅದಾವ" ಎಂದರು ಅತ್ತೆ.

ಮುಧೋಳದಲ್ಲಿ ಹೊಳೆದಂಡೆಯ ಗಿಡದ ನೆರಳಿಗೆ ಬುತ್ತಿ ಬಿಚ್ಚಿ ಉಂಡು, ಇನ್ನೊಂದು ಮೋಟಾರಿನಲ್ಲಿ ಜಮಖಂಡಿಗೆ ಬಂದೆವು. ಬಿಸಿಲು ಜೋರಾಗಿತ್ತು. ಗುಡ್ಡದ ಮೇಲಿನ ಅರಮನೆಯನ್ನು ದೂರದಿಂದಲೇ ನೋಡಿದೆ. ಪೇಟೆಯ ಬೋರ್ಡುಗಳು ಹೆಚ್ಚಿನವು ಮರಾಠಿಯಲ್ಲಿದ್ದವು. ನನಗೆ ಓದಲು ಬರಲಿಲ್ಲ. ಬನಹಟ್ಟಿಯ ಮೋಟಾರಿಗೆ ಹೊತ್ತಿದ್ದುದರಿಂದ ನಿಲ್ದಾಣದ ಎದುರಿನ ಚಹಾದ ಅಂಗಡಿಗೆ ಹೋದೆವು.

"ಯಾವ ಮಂದಿರೀ ನೀವು?" ಎಂದು ಅಂಗಡಿಯವನು ಕೇಳಿದ.

ನಾನು ಕೆಳಗೆ ನೋಡಿದೆ. ಅತ್ತೆ, "ಯೇಸುಸ್ವಾಮಿ ಮಂದಿ" ಎಂದರು, ಊರ ಹೆಸರು ಹೇಳಿದಷ್ಟೇ ಸರಾಗವಾಗಿ.

ಅವನು ಹೊರಗಿನ ಗೋಡೆಯ ಗೂಡಿನಲ್ಲಿಟ್ಟಿದ್ದ ಬೇರೆ ಕಪ್ಪುಗಳನ್ನು ತೋರಿಸಿ, ಕುಡಿದ ಮೇಲೆ ತೊಳೆದಿಡಬೇಕು ಎಂದ. ನಮಗೆ ಅದು ಹೊಸದಲ್ಲ. ಕಪ್ಪುಗಳನ್ನು ಹಿಡಿದು ಬಿಸಿಲಲ್ಲೇ ನಿಂತು ಕುಡಿಯತೊಡಗಿದೆವು. ಅತ್ತೆ ತಮ್ಮ ಕಪ್ಪನ್ನು ಫಳಫಳ ತೊಳೆದು ಗೂಡಿನಲ್ಲಿಟ್ಟು, "ಚಾ ಛಲೋ ಆಗೇತಿ ತಮ್ಮಾ. ಸಕ್ಕರಿ ಅಷ್ಟ ಒಳಗ ಕುಂತವರ ಪಾಲಿಗೆ ಹೋಗೇತಿ ಅನಸ್ತೈತಿ" ಎಂದರು. ಅವನಿಗೆ ನಗು ತಡೆಯಲಾಗಲಿಲ್ಲ. ಸಕ್ಕರೆ ಡಬ್ಬಿಯನ್ನೇ ಹೊರಗೆ ತಂದು ಉಳಿದವರ ಕಪ್ಪುಗಳಿಗೆ ಒಂದೊಂದು ಚಮಚೆ ಹಾಕಿದ. ಕಪ್ಪುಗಳು ಮಾತ್ರ ಗೂಡಿಗೇ ಹೋದವು.

ಬನಹಟ್ಟಿಗೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಮನೆಗಳ ಮುಂದೆ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಗಳಗಳಿಗೆ ಇಳಿಬಿಟ್ಟಿದ್ದರು. ಕೆಲವು ಇನ್ನೂ ತೊಟ್ಟಿಕ್ಕುತ್ತಿದ್ದವು. ನಾವು ಮಲ್ಲಪ್ಪನ ಓಣಿಗೆ ಹೊರಳಿದ ಕೂಡಲೇ ಕಟ್ಟೆಯ ಮೇಲೆ ಮಾತಾಡುತ್ತಿದ್ದವರು ಸುಮ್ಮನಾದರು. ಮಲ್ಲಪ್ಪನ ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ರಾಟಿಯ ಮುಂದೆ ಕೂತಿದ್ದಳು. ಹೆಸರು ಗಂಗವ್ವ ಎಂದು ಆಮೇಲೆ ಗೊತ್ತಾಯಿತು. ನಮ್ಮ ಗಂಟುಗಳನ್ನು ನೋಡಿ, "ದಂಡು ಬಂತು ನೋಡ್ರೆವಾ. ಇವರು ಹಾಸು ಮಾಡತಾರಂತ. ಕುಂಟಿ ರಂಟಿ ತಂದಾರಿಲ್ಲೊ?" ಎಂದಳು. ಹೊಲದ ಸಾಮಾನಿನ ಹೆಸರು ಕೇಳಿ ಓಣಿಯ ಕಟ್ಟೆಗಳ ಮೇಲಿದ್ದವರು ನಕ್ಕರು.

ನೀಲವ್ವ ಬಾಗಿಲಿಗೆ ಬಂದು ಅತ್ತೆಯ ಕಾಲು ಮುಟ್ಟಿದಳು. ನನಗಿಂತ ಸ್ವಲ್ಪ ದೊಡ್ಡವಳು, ತೆಳ್ಳಗಿನ ಹೆಂಗಸು. ಮನೆ ಕನ್ನಡಿಯ ಹಾಗೆ ಸಾರಿಸಿತ್ತು. ಅತ್ತೆ ಅದನ್ನು ಹೊಗಳಿದಾಗ ಅವಳು, "ಯಾರೋ ದಿನಾ ಬಾಗಲಿಗೆ ಸಗಣಿ ಒಗೀತಾರ್ರಿ ಯವ್ವಾ. ಅದನ್ನ ಕಲಸಿ ಸಾರಸ್ತೇನಿ. ನನಗ ಸಗಣಿಗೆ ತಿರಗೂದು ತಪ್ಪಿತು" ಎಂದಳು. ಸಂಕಟವನ್ನು ಹೀಗೆ ಕೂಡ ಹೇಳಬಹುದು ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮಲ್ಲಪ್ಪ ಮಾತ್ರ ಸೊರಗಿದ್ದ. ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ಹಿಡಿದು, "ಹಿರ್ಯಾರು ಮೊನ್ನೆನೂ ಬಂದಿದ್ದರು. ಮಂದಿ ಮುಂದ ಒಂದ ಸಲ ತಪ್ಪಾತು ಅನ್ನು, ಮರುದಿನ ಬೆಳಿಗ್ಗೆನ ಹಾಸಿಗೆ ಬರತೇವಿ ಅಂದರು. ನಾಳೆ ಇದು ಆಗಲಿಲ್ಲಂದ್ರ ನಾ ಹೋಗತೇನ್ರಿ. ನನ್ನಿಂದ ಆಗಂಗಿಲ್ಲ" ಎಂದ. ನಿಮ್ಮ ಅಜ್ಜ ಏನೋ ಹೇಳಲು ಹೊರಟರು. ಅತ್ತೆ ಕಣ್ಣಿನಿಂದಲೇ ತಡೆದರು.

ನೀಲವ್ವ ಅವನ ತಾಟಿಗೆ ಸಾರು ಬಡಿಸುತ್ತ, "ಹೋಗ್ರಿ. ನಾ ನಿಮ್ಮನ್ನ ಬ್ಯಾಡ ಅನ್ನಂಗಿಲ್ಲ. ನಾ ಮಾತ್ರ ಬರಂಗಿಲ್ಲ" ಎಂದಳು. ದನಿ ಏರಲಿಲ್ಲ. ಸಾರಿನ ಸೌಟೂ ಅಲುಗಲಿಲ್ಲ.

ಮರುದಿನ ಚುಕ್ಕಿಗಳಿರುವಾಗಲೇ ಎದ್ದೆವು. ಗಂಡಸರು ಮಲ್ಲಪ್ಪನ ಜೊತೆ ಓಣಿಯ ಎರಡೂ ತುದಿಗೆ ಗೂಟ ಹುಗಿದು ಹಾಸನ್ನು ಬಿಗಿದರು. ನಡುನಡುವೆ ಬಿದಿರ ಕಡ್ಡಿಗಳನ್ನು ತೂರಿಸಿ, ಎಳೆಗಳು ಕೂಡದ ಹಾಗೆ ನಾವು ಹೆಂಗಸರು ಹಿಡಿದು ನಿಂತೆವು. ಬೆಳಕು ಹರಿದಾಗ ಅದು ಓಣಿಯ ಮೇಲೆ ಹಾಸಿದ ತೆಳ್ಳನೆಯ ನೀರಿನಂತೆ ಕಂಡಿತು. ಅತ್ತೆ ಒಳಗೆ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ ತಂದರು. ನೀಲವ್ವ, ಮಲ್ಲಪ್ಪ ಆಚೀಚೆ ನಿಂತು ಗಂಜಿ ಹಚ್ಚುತ್ತ, ಕುಂಚ ಎಳೆಯುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಕಟ್ಟೆಗಳ ಮೇಲೆ ಮಂದಿ ಸೇರಿದರು. ನಮ್ಮ ಕೈಗಳು ಕುಡಗೋಲು ಹಿಡಿದು ಒರಟಾದವು. ಎಳೆಗಳು ಅಂಗೈಗೆ ಸಿಕ್ಕು ಹರಿಯುತ್ತಿದ್ದವು. ನೀಲವ್ವ ಓಡಿ ಓಡಿ ಬಂದು ಗಂಟು ಹಾಕುತ್ತಿದ್ದಳು. ಒಂದು ಸಲವೂ ಬೈಯಲಿಲ್ಲ.

ಆದರೆ ನೂಲು ಒಣಗಲೇ ಇಲ್ಲ. ಬಿಸಿಲು ಬಿದ್ದರೂ ಜಿಬಿಜಿಬಿ ಎನ್ನುತ್ತಿತ್ತು, ಎಳೆಗೆ ಎಳೆ ಅಂಟತೊಡಗಿತು. ನೀಲವ್ವ ಕುಂಚ ನಿಲ್ಲಿಸಿ, ಒಂದು ಎಳೆಯನ್ನು ತುಟಿಗೆ ಹಚ್ಚಿ ನೋಡಿದಳು.

"ಯವ್ವಾ, ಗಂಜಿಗೆ ಉಪ್ಪು ಹಾಕೀರೇನ್ರಿ?"

"ಹಾಕದ ಹ್ಯಾಂಗ? ಸಪ್ಪಗ ಆಗಂಗಿಲ್ಲೇನ?" ಎಂದರು ಅತ್ತೆ.

ಉಪ್ಪು ಬಿದ್ದರೆ ನೂಲು ತೇವ ಹಿಡಿದು ಒಣಗುವುದಿಲ್ಲ. ಒಲೆಯ ಮೇಲೆ ಏನು ಕುದಿದರೂ ಒಂದು ಹಿಡಿ ಉಪ್ಪು ಹಾಕುವ ಕೈ ನಮ್ಮ ಅತ್ತೆಯದು. ಅಂದೂ ಹಾಕಿತ್ತು. ಎಲ್ಲರೂ ಕಂಗಾಲಾಗಿ ನಿಂತೆವು. ಆಗ ನೀಲವ್ವ ನಗತೊಡಗಿದಳು. ಸೊಂಟ ಹಿಡಿದುಕೊಂಡು, ಕಣ್ಣೀರು ಬರುವ ಹಾಗೆ ನಕ್ಕಳು. ಎದುರು ಕಟ್ಟೆಯಿಂದ ಗಂಗವ್ವ, "ಮಗ್ಗಕ್ಕ ಉಣ್ಣಾಕ ನೀಡತೀರೇನ್ರೆವಾ? ಹಂಗಾರ ಬದನಿಕಾಯಿ ಪಲ್ಲೆನೂ ಮಾಡಬೇಕಿತ್ತು" ಎಂದಳು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಲ್ಲಪ್ಪ ಒಬ್ಬ ಮಾತ್ರ ನಗಲಿಲ್ಲ.

ಮಾಡಬೇಕಾದದ್ದು ಒಂದೇ. ಬಿಸಿಲೇರುವ ಮೊದಲು ಹಾಸಿನ ಮೇಲೆ ಸಾಕಷ್ಟು ನೀರು ಸುರಿದು ಉಪ್ಪು ತೊಳೆದು, ಹೊಸ ಗಂಜಿ ಹಚ್ಚಬೇಕು. ಮನೆಯಲ್ಲಿದ್ದದ್ದು ಹೊಳೆಯಿಂದ ತಂದ ಕುಡಿಯುವ ನೀರು ಒಂದು ಕೊಡ. ಹೊಳೆ ಪಕ್ಕದ ಊರಾದ ರಬಕವಿಯ ಆಚೆ. ಹೋಗಿ ಬರುವುದರೊಳಗೆ ಹಾಸು ಹಗ್ಗವಾಗುತ್ತಿತ್ತು.

ಮಲ್ಲಪ್ಪ ಕುಂಚವನ್ನು ಕೆಳಗಿಟ್ಟ. ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದ. ಓಣಿಯಲ್ಲಿ ಮುಂದೆ ನಡೆದ. ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತಿದ್ದರು. ಅವರು ಇವನನ್ನು ನೋಡಿ ಎದ್ದು ನಿಂತರು.

ನೀಲವ್ವ ಅವನ ಕಡೆ ನೋಡಲಿಲ್ಲ. ಖಾಲಿ ಕೊಡ ಎತ್ತಿಕೊಂಡು ನೇರವಾಗಿ ಓಣಿಯ ಬಾವಿಗೆ ನಡೆದಳು. ದೀಕ್ಷಾಸ್ನಾನದ ನಂತರ ಅವಳು ಆ ಬಾವಿಯ ಹತ್ತಿರ ಹೋಗಿರಲಿಲ್ಲ. ನಗು ನಿಂತಿತು. ಅವಳು ಬಾವಿಯ ಕಟ್ಟೆಗೆ ನಾಲ್ಕು ಹೆಜ್ಜೆ ಇರುವಾಗಲೇ ನಿಂತು, ಕೊಡವನ್ನು ನೆಲಕ್ಕಿಟ್ಟು, ನೀರು ಸೇದುತ್ತಿದ್ದ ಹೆಂಗಸರಿಗೆ ಹೇಳಿದಳು:

"ನಾ ಹಗ್ಗ ಮುಟ್ಟಂಗಿಲ್ಲ. ಕುಡ್ಯಾಕ ಕೊಡ್ರಿ ಅಂತ ನಾ ಕೇಳಾಕತ್ತಿಲ್ಲ. ನೂಲು ಕೆಡಾಕತ್ತೈತಿ. ನೀವ ಸೇದಿ, ನೀವ ಹಾಕ್ರಿ."

ಯಾರೂ ಅಲುಗಲಿಲ್ಲ. ಒಬ್ಬ ಹೆಂಗಸು ತುಂಬಿದ ಕೊಡವನ್ನು ಎತ್ತಿ ಮನೆಯ ಕಡೆ ಹೊರಟುಬಿಟ್ಟಳು. ನೀಲವ್ವ ಅಲ್ಲೇ ನಿಂತಿದ್ದಳು. ತಲೆ ಬಾಗಿಸಿರಲಿಲ್ಲ, ಎತ್ತಿ ಮೆರೆಯುತ್ತಲೂ ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳಿ ಕಾಯುವವರು ನಿಲ್ಲುತ್ತಾರಲ್ಲ, ಹಾಗೆ. ನಾನು ಬಿದಿರ ಕಡ್ಡಿ ಹಿಡಿದುಕೊಂಡೇ ಮನಸ್ಸಿನಲ್ಲಿ ಪ್ರಾರ್ಥನೆ ಮಾಡಿದೆ.

ಆಗ ಗಂಗವ್ವ ಕಟ್ಟೆಯಿಂದ ಇಳಿದಳು. ಮೊಣಕಾಲು ಹಿಡಿದುಕೊಂಡು, ಗೊಣಗುತ್ತ ಬಾವಿಗೆ ಹೋಗಿ ಒಬ್ಬಳ ಕೈಯಿಂದ ಹಗ್ಗ ಕಸಿದುಕೊಂಡಳು. "ಎಷ್ಟು ಹೊತ್ತು ನೋಡಕೋತ ನಿಂದ್ರತೀರಬೇ? ನಿಮ್ಮ ಮನ್ಯಾಗ ಮಗ್ಗ ಇಲ್ಲೇನು?" ಎಂದು ಕೊಡ ಸೇದಿದಳು.

ಕೊನೆಯ ಮನೆಯ ಕಟ್ಟೆಯಿಂದ ಹಿರಿಯರು ಕೂಗಿದರು: "ಗಂಗವ್ವಾ, ನಾಳೆ ನಿನ್ನ ಹಾಸಿಗೂ ಯಾರೂ ಬರಂಗಿಲ್ಲ ನೋಡು."

"ಬರಬ್ಯಾಡ್ರಿ. ಈ ಉಪ್ಪಿನ ಮಂದಿನ್ನ ಕರಸ್ತೇನಿ."

ಮತ್ತೆ ನಗು ಎದ್ದಿತು. ಈ ಸಲ ಅದು ನಮ್ಮ ಮೇಲೆ ಇರಲಿಲ್ಲ. ಗಂಗವ್ವ ಕೊಡ ತಂದು ಹಾಸಿನ ಮೇಲೆ ಉದ್ದಕ್ಕೂ ಸುರಿದಳು. ಎರಡನೆಯ ಕೊಡವನ್ನು ಇನ್ನೊಬ್ಬ ಹೆಂಗಸು ತಂದಳು, ಮುಖ ಗಂಟು ಹಾಕಿಕೊಂಡೇ. ಮೂರನೆಯವಳು ಕೊಡವನ್ನು ನಮ್ಮ ಹತ್ತಿರ ಇಟ್ಟು ಮಾತಿಲ್ಲದೆ ಹೋದಳು. ಓಣಿಯ ಎಲ್ಲರೂ ಬಂದರು ಎಂದು ನಾನು ಬರೆಯುವುದಿಲ್ಲ. ಹೆಚ್ಚಿನ ಮನೆಗಳ ಬಾಗಿಲು ಮುಚ್ಚಿದವು. ಆದರೆ ನೀರು ಸಾಕಾಯಿತು. ನೀಲವ್ವನೇ ಒಳಗೆ ಹೋಗಿ ಬೇರೆ ಗಂಜಿ ಕಾಯಿಸಿದಳು. ಅತ್ತೆಯನ್ನು ಒಲೆಯ ಹತ್ತಿರ ಬಿಡಲಿಲ್ಲ.

ಗಂಗವ್ವ ಹಾಸಿನುದ್ದಕ್ಕೂ ತಿರುಗಾಡುತ್ತ ನಮ್ಮನ್ನು ಬೈದಳು. ನಿಮ್ಮ ಅಜ್ಜನಿಗೆ, "ತಮ್ಮಾ, ಅದು ಎತ್ತಿನ ಹಗ್ಗ ಅಲ್ಲ" ಎಂದಳು. ನನ್ನ ಕೈ ಹಿಡಿದು ಮಗುಚಿ, "ಅಂಗೈಲೆ ಮುಟ್ಟಬ್ಯಾಡಬೇ, ಹೊರಗೈಲೆ ಸರಸು" ಎಂದು ತೋರಿಸಿದಳು. ಹೊರಗೈ ನುಣುಪಾಗಿತ್ತು. ಅಲ್ಲಿಂದ ಎಳೆಗಳು ಹರಿಯುವುದು ನಿಂತಿತು. ಅವಳು ಒಂದು ಬದಿಯ ಕುಂಚ ಹಿಡಿದಳು. ಇನ್ನೊಂದು ಬದಿಯಲ್ಲಿ ಮಲ್ಲಪ್ಪನ ಜಾಗ ಖಾಲಿ ಇತ್ತು. ನೀಲವ್ವ ಅಲ್ಲಿಗೆ ಬರುವಷ್ಟರಲ್ಲಿ ಮಲ್ಲಪ್ಪನೇ ಬಂದು ಕುಂಚ ಎತ್ತಿಕೊಂಡ. ಹಿರಿಯರ ಕಟ್ಟೆಯವರೆಗೆ ಹೋಗದೆ ನಡುದಾರಿಯಲ್ಲೇ ನಿಂತು ಇದನ್ನೆಲ್ಲ ನೋಡಿದ್ದನಂತೆ. ರುಮಾಲು ಬಿಚ್ಚಿ ಕಂಕುಳಲ್ಲಿ ಸಿಗಿಸಿಕೊಂಡಿದ್ದ. ಹೆಂಡತಿ ಅವನಿಗೆ ಏನೂ ಅನ್ನಲಿಲ್ಲ. ಗಂಜಿಯ ಪಾತ್ರೆಯನ್ನು ಅವನ ಹತ್ತಿರ ಸರಿಸಿದಳು.

ಬಿಸಿಲು ನೆತ್ತಿಗೆ ಬರುವ ಮೊದಲೇ ಹಾಸು ಒಣಗಿತು. ಕೆಲವು ಕಡೆ ಎಳೆ ಹೋಗಿದ್ದವು, ಆದರೆ ನೇಯಲು ಬರುವಂತಿತ್ತು. ನೀಲವ್ವ ಚಹಾ ಮಾಡಿ ಗಂಗವ್ವನನ್ನು ಕರೆದಳು.

"ಬ್ಯಾಡ. ನಾ ನಿಮ್ಮ ಪೈಕಿ ಅಲ್ಲ" ಎಂದು ಮುದುಕಿ ಕೈ ತೊಳೆದುಕೊಂಡು ತನ್ನ ಕಟ್ಟೆ ಏರಿದಳು. ನೀಲವ್ವ, "ಆಗಲಿ ಯವ್ವಾ" ಎಂದಳು. ಇಬ್ಬರ ಮುಖದಲ್ಲೂ ಬೇಸರವಿರಲಿಲ್ಲ. ತಾನು ಏನು ಎಂದು ಗೊತ್ತಿದ್ದವರು ಹೀಗೆ ಇರುತ್ತಾರೆ ಎಂದು ನನಗೆ ಅನ್ನಿಸಿತು.

ಮರುದಿನವೆಲ್ಲ ಗಂಡ ಹೆಂಡತಿ ಮಗ್ಗದ ಹಿಂದೆ ಕೂತು, ಹಳೆಯ ಹಾಸಿನ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದರು. ನಮಗೆ ಅಲ್ಲಿ ಕೆಲಸವಿರಲಿಲ್ಲ. ನಾವು ರಬಕವಿಯ ಆಚೆಗೆ ಹೋಗಿ ಹೊಳೆಯಿಂದ ಅವರಿಗೆ ನೀರು ಹೊತ್ತು ತಂದೆವು, ಬರುವಾಗ ಪೇಟೆಯಲ್ಲಿ ಸೀರೆಗಳನ್ನು ನೋಡಿದೆವು. ಕೊಳ್ಳಲಿಲ್ಲ. ಸಂಜೆ ಮಲ್ಲಪ್ಪನ ಪಡಸಾಲೆಯಲ್ಲಿ ಪ್ರಾರ್ಥನೆಯಾಯಿತು. ಅವನೇ ಪ್ರಾರ್ಥಿಸಿದ. ನಡುವೆ ಅತ್ತು ನಿಲ್ಲಿಸಿದ, ಉಳಿದದ್ದನ್ನು ನೀಲವ್ವ ಮುಗಿಸಿದಳು. ಕಟ್ಟು ಮಾಡಿದ ಹಿರಿಯರ ಹೆಸರನ್ನೂ ಹೇಳಿ, ಅವರ ಮನೆಯ ಮಗ್ಗಗಳು ಛಲೋ ನಡೆಯಲಿ ಎಂದಳು.

ಆ ಓಣಿ ಮುಂದೆಯೂ ಬಹಳ ದಿನ ಅವರಿಗೆ ಬಾವಿ ಬಿಟ್ಟುಕೊಡಲಿಲ್ಲ. ಗಂಗವ್ವನ ಹಾಸಿಗೂ ಒಂದೆರಡು ಸಲ ಯಾರೂ ಹೋಗಲಿಲ್ಲವಂತೆ. ಆಗ ನಮ್ಮ ಮಂದಿಯೇ ಹೋಗಿ ಹಿಡಿದು ನಿಂತರು, ನಿಮ್ಮ ಅಜ್ಜನೂ ಇದ್ದರು. ನಮ್ಮ ಸುಗ್ಗಿಗೆ ಮಲ್ಲಪ್ಪ ನೀಲವ್ವ ತಪ್ಪದೆ ಬಂದರು. ಜೋಳ ಕೊಯ್ಯಲು ಬಾರದೆ ಕೈ ಕೊಯ್ದುಕೊಂಡರು. ಅವರು ಆ ಊರನ್ನೂ ಬಿಡಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ.

ನಾವು ಹೊರಟ ದಿನ ಮುಂಜಾನೆ ಬಿಸಿ ರೊಟ್ಟಿ ಕಟ್ಟಿಕೊಟ್ಟು, ನಮ್ಮನ್ನು ಬಾಗಿಲವರೆಗೆ ಕಳಿಸಿ, ನೀಲವ್ವ ತಡಮಾಡದೆ ಒಳಗೆ ಹೋದಳು. ಮಗ್ಗ ಕಾಯುತ್ತಿತ್ತು. ಓಣಿಯ ಕೊನೆಗೆ ಬಂದು ನಾನು ಹಿಂದಿರುಗಿ ನೋಡಿದೆ. ಎಲ್ಲ ಮನೆಗಳಿಂದಲೂ ಮಗ್ಗಗಳ ಸದ್ದು ಬರುತ್ತಿತ್ತು. ಅದರಲ್ಲಿ ನೀಲವ್ವನದು ಯಾವುದು ಎಂದು ಕಿವಿಗೊಟ್ಟು ಕೇಳಿದೆ. ಗುರುತು ಹತ್ತಲಿಲ್ಲ.

ಮಕ್ಕಳೇ, ನೀಲವ್ವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಇನ್ನೊಬ್ಬರು ಬರೆದದ್ದೂ ನನಗೆ ಗೊತ್ತಿಲ್ಲ. ಇಷ್ಟು ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಜೋಪಾನವಾಗಿಟ್ಟುಕೊಳ್ಳಿರಿ.